ಚಿಕ್ಕಮ್ಮನ ರಟ್ಟಿನ ಕಿಟಕಿ

ನನ್ನ ಚಿಕ್ಕಮ್ಮ ಕಟ್ಟಡಗಳ ಫೋಟೋ ಮಾತ್ರ ತೆಗೆಯುತ್ತಾಳೆ. "ಮನುಷ್ಯರು ಅಲ್ಲಾಡ್ತಾರೆ ಕಣೆ, ಕಟ್ಟಡ ಹೇಳಿದ ಮಾತು ಕೇಳುತ್ತೆ" ಎನ್ನುತ್ತಾಳೆ. ಈ ವರ್ಷ ಮಣಿಕಟ್ಟಿನ ಆಪರೇಷನ್ ಆಗಿ ನಮ್ಮ ಮನೆಯಲ್ಲೇ ಇದ್ದಳು. ಹೊಸ ಗ್ರಂಥಾಲಯದ ಕೆಲಸ ಬಂದಾಗ, "ಇದೂ ಕೈಲಾಗಲಿಲ್ಲ ಅಂದ್ರೆ ಕ್ಯಾಮೆರಾನ ಬೀರುವಿಗೆ ಹಾಕಿ ಬೀಗ ಜಡೀತೀನಿ" ಎಂದಳು. ನಗುತ್ತಲೇ ಹೇಳಿದಳು. ಅದು ಬರೀ ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು.

ಗ್ರಂಥಾಲಯ ಎತ್ತರ, ಎದುರಿನ ಬೀದಿ ಇಕ್ಕಟ್ಟು. ಕ್ಯಾಮೆರಾ ತಲೆಯೆತ್ತಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಟಿಲ್ಟ್-ಶಿಫ್ಟ್ ಲೆನ್ಸ್ ಬೇಕಾಗುವುದು ಅಲ್ಲೇ: ಕ್ಯಾಮೆರಾ ನೆಟ್ಟಗಿರುತ್ತದೆ, ಲೆನ್ಸ್ ಮಾತ್ರ ಮೇಲಕ್ಕೆ ಜರುಗುತ್ತದೆ. ಬಾಡಿಗೆ ಅಂಗಡಿಯಲ್ಲಿ ಎರಡಿದ್ದವು, ಇಪ್ಪತ್ತನಾಲ್ಕು ಮಿಲಿಮೀಟರಿನದು ಮತ್ತು ಹದಿನೇಳರದು. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಎರಡೂ ಅವಳ ಹಳೆಯ ಭಾರದ ಕ್ಯಾಮೆರಾಕ್ಕೆ ಕೂರುತ್ತಿದ್ದವು. ನಡುವೆ ಅಡಾಪ್ಟರ್ ಹಾಕಿದರೆ ಹೊಸ ಹಗುರ ಕ್ಯಾಮೆರಾಕ್ಕೂ. ಕೈನೋವಿಗೆ ಹೊಸದೇ ಸರಿ ಎಂದಾಯಿತು. ಲೆನ್ಸ್ ಯಾವುದು?

ಹದಿನೇಳರ ಮುಂದಿನ ಗಾಜು ಉಬ್ಬಿತ್ತು; ಅಂಗಡಿಯವನು ಅದನ್ನು 'ಕಪ್ಪೆಗಣ್ಣು' ಎಂದ. "ಮನೇಲಿ ನನ್ನ ಪಾಪು ಕೈ ಹಾಕಿದ್ರೆ ಗತಿಯೇನು? ಬೇಡ ಚಿಕ್ಕಮ್ಮ" ಎಂದು ನಾನೇ ಗೋಗರೆದೆ.

"ಪುಕ್ಕಲಿ" ಎಂದು ಬೈದು, ಅವಳು ತನ್ನ ರಟ್ಟು ಹಿಡಿದು ಗ್ರಂಥಾಲಯದ ಬೀದಿಗೆ ಹೋದಳು. ಅದರ ನಡುವೆ ಕಿಟಕಿ ಕೊರೆದಿದೆ, ಅಂಚಿಗೆ ದಾರ ಕಟ್ಟಿದೆ. ದಾರದಲ್ಲಿ ಒಂದೊಂದು ಲೆನ್ಸಿಗೆ ಒಂದೊಂದು ಗಂಟು. ದಾರ ಬಿಗಿಯಾಗುವಂತೆ ಗಂಟನ್ನು ಕಣ್ಣಿನ ಕೆಳಗೆ ಕೆನ್ನೆಗೊತ್ತಿ, ತಲೆ ಎತ್ತದೆ ರಟ್ಟನ್ನಷ್ಟೇ ಮೇಲಕ್ಕೆ ಸರಿಸಿದರೆ ಫೋಟೋದಲ್ಲಿ ಏನು ಹಿಡಿಸುತ್ತದೋ ಅಷ್ಟೇ ಕಾಣುತ್ತದೆ. ಮನೆಗೆ ಮರಳಿ ಬಂದವಳು, "ಕಟ್ಟಡದ ತುದಿಯ ಗಡಿಯಾರದ ತನಕ ಬಂತು. ಇಪ್ಪತ್ತನಾಲ್ಕೇ ಸಾಕು" ಎಂದು ರಟ್ಟನ್ನು ಸೋಫಾದ ಮೇಲಿಟ್ಟಳು.

ಅಷ್ಟು ಸಾಕಾಯಿತು ನನ್ನ ಮಗಳಿಗೆ. ನಾನು ನೋಡುವಷ್ಟರಲ್ಲಿ ಎರಡು ಹಲ್ಲಿನ ಪೋರಿ ಮೂಲೆಯನ್ನೆಲ್ಲ ಜಗಿದು ಕಿಟಕಿಯನ್ನೇ ಹರಿದಿದ್ದಳು. ಅವಳ ಬಾಯಿಯಿಂದ ಚೂರುಗಳನ್ನು ತೆಗೆದು, ಎಣಿಸಿ, ಮತ್ತೆ ಎಣಿಸಿ, ಆಮೇಲೆ ಹೊಸ ರಟ್ಟು ಕತ್ತರಿಸಲು ಕೂತೆ. ಕಿಟಕಿಯ ಗಾತ್ರ ಸೆನ್ಸರಿಗೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕಕ್ಕೆ, ತಕ್ಕಂತಿರಬೇಕು; ಅಳತೆಗೆಂದು ಹೊಸ ಕ್ಯಾಮೆರಾದ ಪುಸ್ತಕ ತೆರೆದೆ.

"ಚಿಕ್ಕಮ್ಮಾ, ಇದರ ಸೆನ್ಸರ್ ಹಳೇದಕ್ಕಿಂತ ಚಿಕ್ಕದಲ್ವಾ? ಕಿಟಕಿ ಮೂರರಲ್ಲೊಂದು ಪಾಲು ಕಿರಿದಾಗುತ್ತೆ."

ಅವಳ ಕೈಲಿದ್ದ ಲೋಟ ಅಲ್ಲೇ ನಿಂತಿತು. "ಅಯ್ಯೋ! ಮೂವತ್ತು ವರ್ಷದ ರಟ್ಟಲ್ವೇನೆ ಅದು. ಹಳೇ ಕ್ಯಾಮೆರಾದ ಕಣ್ಣಲ್ಲೇ ನೋಡಿ ಬಂದೆನಲ್ಲ!"

ಫೋಟೋ ತೆಗೆಯಬೇಕಿದ್ದದ್ದು ಮರುದಿನ ಮುಂಜಾನೆಯೇ. ಗ್ರಂಥಾಲಯ ಅಂದೇ ಬಾಗಿಲು ತೆರೆಯುವುದು, ಮತ್ತೆ ಬೀದಿ ಖಾಲಿ ಸಿಗುವುದಿಲ್ಲ. ಆ ಸಂಜೆಯೇ ಪಾಪುವನ್ನು ಕಂಕುಳಲ್ಲಿ ಅವುಚಿಕೊಂಡು ಮೂವರೂ ಮತ್ತೆ ಆ ಬೀದಿಗೆ ಓಡಿದೆವು. ಹಳೆಯ ದಾರವನ್ನೇ ಕಟ್ಟಿದ ಹೊಸ ರಟ್ಟಿನಲ್ಲಿ ಇಪ್ಪತ್ತನಾಲ್ಕರ ಗಂಟು ಹಿಡಿದರೆ ಗಡಿಯಾರವೇ ಮಾಯ. ಹದಿನೇಳರದು ಹಿಡಿದು, ಬೆನ್ನು ಹಿಂದಿನ ಟೈಲರ್ ಅಂಗಡಿಯ ಬಾಗಿಲಿಗೆ ತಾಗುವಂತೆ ನಿಂತರೆ ಗಡಿಯಾರವೂ ಇತ್ತು, ಮೇಲೆ ಬೆರಳಗಲ ಆಕಾಶವೂ.

"ನಾನೇ ಬೇಡ ಅಂದಿದ್ದು" ಎಂದು ನಾನು ಮೂಗೆಳೆದೆ.

"ಬೇಡ ಅಂದವಳು ನೀನು, ತಿಂದು ತಪ್ಪು ತೋರಿಸಿದವಳು ಇವಳು. ಲೆಕ್ಕ ಚುಕ್ತಾ!" ಎಂದು ಚಿಕ್ಕಮ್ಮ ಪಾಪುವಿನ ಕೆನ್ನೆ ಹಿಂಡಿದಳು.

ಬಾಡಿಗೆ ಅಂಗಡಿಯವನು ಶಟರ್ ಎಳೆಯುತ್ತಿದ್ದ. "ಏನಕ್ಕಾ, ಕೊನೆಗೂ ಕಪ್ಪೆಗಣ್ಣೇ ಬೇಕಾಯ್ತಾ?" ಎನ್ನುತ್ತಲೇ ಲೆನ್ಸ್ ತಂದುಕೊಟ್ಟ. ಮನೆಯಲ್ಲಿ ಅದನ್ನು ಬೀರುವಿನ ಮೇಲಿಟ್ಟು, ನಾನು ಪಾಪುವಿನೊಂದಿಗೆ ಬೇರೆ ಕೋಣೆ ಸೇರಿದೆ.

ಬೆಳಿಗ್ಗೆ ಎಂಟಕ್ಕೆ ಗ್ರಂಥಾಲಯದ ಬೀದಿಯಿಂದ ಚಿಕ್ಕಮ್ಮನ ಫೋನ್ ಬಂತು. "ಕಟ್ಟಡ ವಾಲಿಲ್ಲ, ಕೈ ನಡುಗಿಲ್ಲ. ಬೀರುವಿಗೆ ಕ್ಯಾಮೆರಾ ಹೋಗಲ್ಲ ಕಣೆ, ಪಾಪುವಿನ ಆಟದ ಸಾಮಾನು ತುಂಬು."