ಮಾವನವರ ಕಾರಿನ ಕೆಂಪು ದೀಪ

ನನ್ನ ಗಂಡ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಕಟಿಂಗ್ ಮಾಸ್ಟರ್ ಆಗಿ ಹೋದ ಮೇಲೆ ರಾಯದುರ್ಗದ ಮನೆಯಲ್ಲಿ ಉಳಿದದ್ದು ನಾನು, ನಮ್ಮತ್ತೆ ಮತ್ತು ಮಾವನವರ ಕಾರು. ಮುಂದಿನ ಪಡಸಾಲೆಯಲ್ಲಿ ಜೀನ್ಸ್ ಹೊಲಿಯುವ ಮಷಿನ್‌ಗಳಿದ್ದವು. ಬಳ್ಳಾರಿಯಿಂದ ಕತ್ತರಿಸಿದ ಬಟ್ಟೆಯ ಕಟ್ಟುಗಳು ಬಂದರೆ ಹೊಲಿಯುತ್ತಿದ್ದೆ, ಬಾರದಿದ್ದರೆ ಮಷಿನ್‌ಗಳ ಧೂಳು ಒರೆಸುತ್ತಿದ್ದೆ. ಆ ವರ್ಷ ಒರೆಸಿದ್ದೇ ಹೆಚ್ಚು.

ಮಾವನವರು ಬಳ್ಳಾರಿಯ ಸಾಹುಕಾರರೊಬ್ಬರ ಹತ್ತಿರ ಡ್ರೈವರ್ ಆಗಿದ್ದವರು. ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ಸಾಹುಕಾರರು ತಮ್ಮ ಹಳೆಯ ಡೀಸೆಲ್ ಕಾರನ್ನು ಅವರಿಗೇ ಕೊಟ್ಟಿದ್ದರು. ಹಾಲುಕೆನೆ ಬಣ್ಣದ, ಮಂಚದಷ್ಟು ಅಗಲವಾದ ಹೊರದೇಶದ ಗಾಡಿ ಅದು. ಮಗನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲವಾಗಿ, ಒಣಗಿದ ಕೆರೆಯಂಗಳದಲ್ಲಿ ಅವರು ನನಗೇ ಡ್ರೈವಿಂಗ್ ಕಲಿಸಿದರು. ನಾನು ಗುಡಿಬಂಡೆ ಕಡೆಯ ಹಳ್ಳಿಯವಳು, ಹಿಪ್ಪುನೇರಳೆ ಸೊಪ್ಪು ಹೊತ್ತು ಬೆಳೆದವಳು. ಅಷ್ಟು ದೊಡ್ಡ ಗಾಡಿಯ ಸ್ಟೀರಿಂಗ್ ಹಿಡಿದ ದಿನ ನನಗೆ ನಗು ತಡೆಯಲಾಗಿರಲಿಲ್ಲ. ಅವರು ತೀರಿಕೊಂಡ ಮೇಲೆ ಶನಿವಾರಗಳಂದು ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನೇಮಕಲ್ಲಿನ ಆಂಜನೇಯನಿಗೆ ಹೋಗಿಬರುತ್ತಿದ್ದೆ.

ಬೇಸಿಗೆಯ ಕೊನೆಯಲ್ಲಿ ಗಂಡ ಫೋನ್ ಮಾಡಿದರು. ಮಡಕಶಿರಾದ ರೇಷ್ಮೆ ವ್ಯಾಪಾರಿಯೊಬ್ಬರಿಗೆ ಹಳೆಯ ಕಾರುಗಳ ಹುಚ್ಚಂತೆ, ನಮ್ಮದನ್ನು ಕೊಳ್ಳುತ್ತಾರಂತೆ. ನಾನು ಮುಂದಿನ ಭಾನುವಾರ ಗಾಡಿಯನ್ನು ಮಡಕಶಿರಾಕ್ಕೆ ತರಬೇಕು, ಅವರು ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಾರೆ. ಆಮೇಲೆ ಮಷಿನ್‌ಗಳನ್ನೂ ಮಾರಿ ಮೂವರೂ ಬೆಂಗಳೂರಿನಲ್ಲಿ ಮನೆ ಮಾಡುವುದು.

ಹೂಂ ಅಂದೆ. ಫೋನ್ ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನೀರು ತುಂಬಿದ್ದ ಕೊಡಕ್ಕೇ ಮತ್ತೆ ನೀರು ಹಾಕಿ ಅಡುಗೆಮನೆಯೆಲ್ಲ ಒದ್ದೆ ಮಾಡಿದೆ. ಬೆಂಗಳೂರು ಬೇಡವೆಂದಲ್ಲ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಾನೇ ಎಷ್ಟೋ ಸಲ ಅಲ್ಲಿಗೆ ಹೋಗಿಬಿಡಬೇಕು ಅಂದುಕೊಂಡಿದ್ದೆ. ಈಗ ಹೊರಡು ಅಂದ ಕೂಡಲೇ ಕಾಲ ಕೆಳಗಿನ ಚಾಪೆ ಎಳೆದ ಹಾಗಾಯಿತು. ಅತ್ತೆಗೆ ಹೇಳಿದಾಗ ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ನಾನಂತೂ ಬರಂಗಿಲ್ಲ. ನೀವು ಹೋಗ್ರಿ," ಅಂದರು.

ಆ ವಾರವೇ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ಹ್ಯಾಂಡ್ ಬ್ರೇಕ್ ಎಳೆದಾಗ ಹತ್ತುವ ದೀಪವೇ ಅದು. ಬಿಟ್ಟು ನೋಡಿದೆ, ಆರಲಿಲ್ಲ. ಬ್ರೇಕ್ ಆಯಿಲ್ ಕಡಿಮೆಯಾದರೂ ಅದೇ ದೀಪ ಹತ್ತುತ್ತದೆಂದು ಮಾವನವರು ಹೇಳಿದ್ದು ನೆನಪಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಹತ್ತಿರ ಗಾಡಿ ಬಿಟ್ಟು ತರಕಾರಿ ತರಲು ಹೋದೆ. ಬರುವಷ್ಟರಲ್ಲಿ ದೀಪ ಆರಿತ್ತು.

"ಏನಾಗಿತ್ತಪ್ಪಾ?"

"ಸೆನ್ಸರ್ ಹೋಗೈತ್ರಿ ಅಕ್ಕಾ. ಹಳೇ ಗಾಡಿ, ಅದರ ಸಾಮಾನು ಈಗ ಸಿಗಂಗಿಲ್ಲ. ವೈರ್ ಕಿತ್ತು ಬಿಟ್ಟೀನಿ. ಇನ್ನು ಹತ್ತಂಗಿಲ್ಲ ಬಿಡ್ರಿ."

ಗಂಡನಿಗೆ ಫೋನಿನಲ್ಲಿ ಹೇಳಿದೆ. "ಚಲೋ ಆತು. ತಗೊಳ್ಳೋರಿಗೆ ಅದೆಲ್ಲಾ ಹೇಳಾಕ ಹೋಗಬ್ಯಾಡ," ಅಂದರು.

ದೀಪ ಹತ್ತಿದ್ದಾಗ ಇದ್ದ ಭಯ ಒಂದು ಬಗೆಯದು. ಆರಿಸಿದ ಮೇಲೆ ಶುರುವಾದದ್ದು ಬೇರೆಯೇ. ಕಣೇಕಲ್ಲು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿದೆ. ಬ್ರೇಕ್ ಸರಿಯಾಗಿಯೇ ಹಿಡಿಯುತ್ತಿತ್ತು, ಆದರೂ ಕಾಲು ನಂಬಲಿಲ್ಲ. ಸುಮ್ಮಸುಮ್ಮನೆ ತುಳಿದು ನೋಡುತ್ತಿದ್ದೆ. ಪಕ್ಕದಲ್ಲಿ ಅತ್ತೆ ಪ್ರತಿ ಸಲವೂ ಮುಂದಕ್ಕೆ ಜೋಲಿ ಹೊಡೆದು, "ಯಾಕವಾ, ಕೋಳಿ ಅಡ್ಡ ಬಂತೇನು?" ಅನ್ನುತ್ತಿದ್ದರು. ರಸ್ತೆಯಲ್ಲಿ ಒಂದು ಕೋಳಿಯೂ ಇರಲಿಲ್ಲ.

ಮನೆಗೆ ಬಂದವಳೇ ಬಾನೆಟ್ ಎತ್ತಿದೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದಿಂದ ಕಿತ್ತ ವೈರುಗಳು ಜೋತಾಡುತ್ತಿದ್ದವು. ಕೀಲಿ ತಿರುಗಿಸಿಟ್ಟು ಅವನ್ನು ಸಿಕ್ಕಿಸಿದ ಕೂಡಲೇ ಒಳಗೆ ದೀಪ ಹತ್ತಿತು. ಡಬ್ಬಿಯಲ್ಲಿ ಆಯಿಲ್ ಗೆರೆಯವರೆಗೂ ಇತ್ತು. ಮುಚ್ಚಳ ಬಿಚ್ಚಿದೆ. ಅದರ ಕೆಳಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಹೆಬ್ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಬುರುಡೆ. ಆಯಿಲ್ ತುಂಬಿದ್ದರೆ ಬುರುಡೆ ಮೇಲೆ ತೇಲಬೇಕು. ಆಯಿಲ್ ಇಳಿದರೆ ಅದೂ ಇಳಿದು, ಮುಚ್ಚಳದೊಳಗಿನ ತಗಡುಗಳು ಒಂದಕ್ಕೊಂದು ತಾಗಿ ದೀಪ ಹತ್ತಬೇಕು. ಅಷ್ಟೇ ಅದರ ಸಂಸಾರ. ನಮ್ಮ ಬುರುಡೆ ತುಂಬಿದ ಡಬ್ಬಿಯಲ್ಲೂ ಕಲ್ಲಿನಂತೆ ಮುಳುಗಿತ್ತು. ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಎಳನೀರಿನ ಸದ್ದು.

ಬುರುಡೆಯನ್ನು ಬಿಡಿಸಿ ತಂದು ಬಿಸಿನೀರಿನಲ್ಲಿ ಅದ್ದಿ ಹಿಡಿದೆ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆ. ಅಂಚಿನಿಂದ ಸಣ್ಣ ಗುಳ್ಳೆಗಳು ಎದ್ದವು. ಸೂಜಿಯಿಂದ ಆ ತೂತನ್ನು ದೊಡ್ಡದು ಮಾಡಿ, ಒಳಗಿನ ಆಯಿಲ್ಲನ್ನು ಜೀನ್ಸ್ ಚೂರಿನ ಮೇಲೆ ಹನಿಹನಿಯಾಗಿ ಕೊಡವಿ, ಬಿಸಿಲಿನಲ್ಲಿ ಒಣಗಿಸಿ ಗಮ್ ಹಚ್ಚಿದೆ. ದೀಪ ಆರಿತು. ಖುಷಿಯಲ್ಲಿ ಅತ್ತೆಗೆ ಟೀ ಮಾಡಿಕೊಟ್ಟೆ. ಬೆಳಿಗ್ಗೆ ಎದ್ದು ಕೀಲಿ ತಿರುಗಿಸಿದರೆ ಮತ್ತೆ ಹತ್ತಿತು. ಬ್ರೇಕ್ ಆಯಿಲ್ ಗಮ್ಮನ್ನು ತಿಂದುಹಾಕಿತ್ತು. ಸಾಲದ್ದಕ್ಕೆ ಕಾರಿನ ಮೇಲೆ ಬಿದ್ದ ಒಂದು ಹನಿ ಬಣ್ಣವನ್ನೂ ಕಿತ್ತಿತ್ತು.

"ಮಾರೋ ಗಾಡಿಗೆ ಇಷ್ಟ್ಯಾಕ ಬಡಕೊಂತಿ?" ಅತ್ತೆ ಕೇಳಿದರು.

"ಕೈ ಸುಮ್ನಿರಲ್ಲ ಅತ್ತೆ," ಅಂದೆ.

ನೈಲಾನ್ ದಾರದ ತುದಿ ಬಿಚ್ಚದಿರಲೆಂದು ನಾವು ಬೆಂಕಿಗೆ ತಾಗಿಸಿ ಕರಗಿಸುತ್ತೇವೆ. ಬುರುಡೆಗೂ ಅದನ್ನೇ ಮಾಡಿ ನೋಡೋಣವೆನಿಸಿತು. ಮತ್ತೆ ಖಾಲಿ ಮಾಡಿ ಒಣಗಿಸಿದೆ. ಮಷಿನ್ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಒಲೆಯಲ್ಲಿ ಕಾಯಿಸಿ, ತೂತಿನ ಸುತ್ತಲ ಪ್ಲಾಸ್ಟಿಕ್ ಮೆತ್ತಗೆ ಕರಗುವಂತೆ ಮುಟ್ಟಿಸಿದೆ. ಸ್ವಲ್ಪ ಹೆಚ್ಚಾದರೆ ತೂತು ಇನ್ನೂ ದೊಡ್ಡದಾಗುತ್ತಿತ್ತು. ತಣ್ಣಗಾದ ಮೇಲೆ ಬಿಸಿನೀರಿಗೆ ಹಾಕಿದರೆ ಒಂದು ಗುಳ್ಳೆಯೂ ಬರಲಿಲ್ಲ.

ಒರೆಸಿ, ಒಣಗಿಸಿ, ಮುಚ್ಚಳಕ್ಕೆ ಸಿಕ್ಕಿಸಿ ಡಬ್ಬಿಯಲ್ಲಿ ಇಳಿಬಿಟ್ಟೆ. ಅತ್ತೆಯನ್ನು ಸ್ಟೀರಿಂಗ್ ಮುಂದೆ ಕೂರಿಸಿ ದೀಪ ನೋಡಲು ಹೇಳಿ, ಕಡ್ಡಿಯನ್ನು ಕೆಳಕ್ಕೆ ಒತ್ತಿದೆ.

"ಬಂತು!" ಅಂದರು. ಬಿಟ್ಟೆ. "ಹೋತು!"

ಒತ್ತಿದೆ, ಬಿಟ್ಟೆ. "ಬಂತು! ಹೋತು!" ಓಣಿಯ ಹೆಂಗಸರು ಬಂದು ನೋಡುವಷ್ಟು ಗಟ್ಟಿಯಾಗಿ ಕೂಗಿದರು. ಮಾವನವರು ಹೋದ ಮೇಲೆ ಅತ್ತೆ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಭಾನುವಾರ ಕಲ್ಯಾಣದುರ್ಗ, ಪಾವಗಡದ ಮೇಲೆ ಹೊರಟೆವು. ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದಿದ್ದರು. ದಾರಿಯುದ್ದಕ್ಕೂ ನನ್ನ ಕಣ್ಣು ರಸ್ತೆ, ದೀಪ, ರಸ್ತೆ, ದೀಪ ಎಂದು ಓಡುತ್ತಿತ್ತು. ಪಾವಗಡ ದಾಟಿದ ಮೇಲೆ ಒಂದು ತಿರುವಿನಲ್ಲಿ ದೀಪ ಮಿಣುಕಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ. ಆಮೇಲೆ ನೆಟ್ಟಗಿನ ರಸ್ತೆಯಲ್ಲೇ ಹತ್ತಿಕೊಂಡು ನಿಂತುಬಿಟ್ಟಿತು. ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ನನ್ನ ಬೆಸುಗೆ ಬಿಟ್ಟಿತೆಂದೇ ಮುಚ್ಚಳ ತೆಗೆದು ಬುರುಡೆ ಅಲ್ಲಾಡಿಸಿದೆ. ಸದ್ದಿಲ್ಲ. ಬೆಸುಗೆ ಗಟ್ಟಿಯಾಗಿಯೇ ಇತ್ತು. ಇಳಿದಿದ್ದದ್ದು ಆಯಿಲ್, ಗೆರೆಗಿಂತ ಬಹಳ ಕೆಳಕ್ಕೆ.

ಬಗ್ಗಿ ಚಕ್ರಗಳನ್ನು ನೋಡಿದೆ. ಹಿಂದಿನ ಎಡಚಕ್ರದ ಒಳಗಡೆ ಒದ್ದೆಯಾಗಿ ಧೂಳು ಅಂಟಿಕೊಂಡಿತ್ತು. ರಾಯದುರ್ಗದ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. "ಹೌದ್ರಿ ಅಕ್ಕಾ, ಅವತ್ತು ಆಯಿಲ್ ಕಮ್ಮಿ ಇತ್ತು, ಹಾಕಿದ್ದೆ. ಹಾಕಿದ್ರೂ ದೀಪ ಆರಲಿಲ್ಲ, ಅದಕ್ಕ ವೈರ್ ಕಿತ್ತೆ," ಅಂದ. ಆಯಿಲ್ ಎಲ್ಲಿಗೆ ಹೋಯಿತೆಂದು ಅವನೂ ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಗಂಡ ಆಗಲೇ ಮಡಕಶಿರಾದಲ್ಲಿ ವ್ಯಾಪಾರಿಯ ಮನೆಯಲ್ಲಿದ್ದರು. ವಿಷಯ ಹೇಳಿದೆ. ಅವರು ಹೊರಗೆ ಬಂದಿರಬೇಕು, ದನಿ ತಗ್ಗಿಸಿ, "ಪಾವಗಡಕ್ಕ ಹಿಂದಕ್ಕ ಹೋಗಿ ಆಯಿಲ್ ತಗೊಂಡು ಹಾಕಿ ನಿಧಾನಕ್ಕ ಬಾ. ಇವರ ಮುಂದ ಮಾತ್ರ ಬಾಯಿ ಬಿಡಬ್ಯಾಡ," ಅಂದರು.

"ನಾನು ಇಲ್ಲಿಂದ ಗಾಡಿನ ಒಂದು ಹೆಜ್ಜೆನೂ ಕದಲಿಸಲ್ಲ ರೀ. ಅವ್ರನ್ನೇ ಇಲ್ಲಿಗೆ ಕರ್ಕಂಡು ಬನ್ನಿ."

"ವ್ಯಾಪಾರ ಕೆಡಸ್ತೀ ನೀನು."

ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಏ, ಈ ಗಾಡ್ಯಾಗ ನಾನೂ ಕುಂತೀನಿ," ಅಂದು ಫೋನ್ ವಾಪಸ್ ಕೊಟ್ಟರು. ಅತ್ತ ಕಡೆಯಿಂದ, "ಅಲ್ಲೇ ಇರ್ರಿ, ಕರಕೊಂಡು ಬರ್ತೀನಿ," ಅಂದರು.

ಬಿಸಿಲು ಏರಿದ ಮೇಲೆ ಆಟೋ ಬಂತು. ಗಂಡ, ವ್ಯಾಪಾರಿ, ಜೊತೆಗೆ ಮಡಕಶಿರಾದ ಒಬ್ಬ ಮೆಕ್ಯಾನಿಕ್. ಗಂಡ ನೇರ ಹೋಗಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಒದ್ದೆಗೆ ಬೆರಳು ಹಚ್ಚಿ ನೋಡಿದರು. ನಾನು ವ್ಯಾಪಾರಿಗೆ ಎಲ್ಲವನ್ನೂ ಹೇಳಿದೆ: ಹತ್ತಿದ ದೀಪ, ಕಿತ್ತ ವೈರು, ಮುಳುಗಿದ ಬುರುಡೆ, ಕಿತ್ತುಹೋದ ಬಣ್ಣದ ಚುಕ್ಕೆ ಸಮೇತ. ಆತ ವಯಸ್ಸಾದವರು, ಹೆಗಲ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

"ಹಳೇ ಗಾಡಿ ಅಂದ್ರೆ ಹಿಂಗೇ ಕಣಮ್ಮ. ನಂತಾವೂ ಎರಡವೆ. ಮೊದ್ಲು ಚಕ್ರ ಬಿಚ್ಲಿ, ಆಮೇಕೆ ಮಾತಾಡನ," ಅಂದರು.

ಚಕ್ರ ಬಿಚ್ಚಿದಾಗ ಒಳಗಿನ ರಬ್ಬರ್ ವಾಷರ್ ಹರಿದಿತ್ತು. ಅದನ್ನು ತರಲು ಮೆಕ್ಯಾನಿಕ್ ಅದೇ ಆಟೋದಲ್ಲಿ ಹಿಂದಕ್ಕೆ ಹೋದ. ವ್ಯಾಪಾರಿಯೂ ಅತ್ತೆಯೂ ಮರದ ಬುಡದಲ್ಲಿ ರೇಷ್ಮೆಗೂಡಿನ ಮಾತು ಹಚ್ಚಿಕೊಂಡರು. ನಾನು ರಸ್ತೆಯಂಚಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಗಂಡ ಹತ್ತಿರ ಬಂದು ನಿಂತರು.

"ಮುಂದಿನ ಸೀಟ್‌ನಾಗ ಅವ್ವ ಕುಂತಿರ್ತಾಳ ಅನ್ನೋದು ನನ್ನ ತಲಿಗೇ ಹೊಳೀಲಿಲ್ಲ ನೋಡು," ಅಂದರು.

ನಾನು ಕೈಗೆ ಅಂಟಿದ್ದ ಆಯಿಲ್ಲನ್ನು ಸೆರಗಿನಲ್ಲಿ ಒರೆಸಿಕೊಂಡೆ.

"ಬೆಂಗಳೂರಿಗೆ ಬರಾಕ ನಿನಗ ಮನಸ್ಸಿಲ್ಲ, ಹೌದಿಲ್ಲೋ?"

"ಗೊತ್ತಿಲ್ಲ ರೀ. ರಾಯದುರ್ಗದಾಗೆ ಕೂತ್ರೆ ಅಲ್ಲಿಗೆ ಹೋಗ್ಬೇಕು ಅನ್ಸುತ್ತೆ. ಹೊರಡು ಅಂದ್ರೆ ಎದೆ ಡವಡವ ಅನ್ನುತ್ತೆ. ನಿಮಗೆ ಅಲ್ಲಿ ಚೆನ್ನಾಗೈತಾ? ಅದನ್ನಾದ್ರೂ ಹೇಳಿ."

ಅವರು ಶೇಂಗಾ ಹೊಲದ ಕಡೆ ಮುಖ ಮಾಡಿ ಹೇಳಿದರು. ರೂಮಿನಲ್ಲಿ ಮಲಗಲು ಪಾಳಿಯಂತೆ. ಒಬ್ಬ ಎದ್ದು ಡ್ಯೂಟಿಗೆ ಹೋದ ಮೇಲೆ ಅವನ ಚಾಪೆಯ ಮೇಲೆ ಇವರು. ಊಟ ಸೇರುವುದಿಲ್ಲ. "ಹೇಳಿದ್ರ ನೀ ಬರಂಗಿಲ್ಲ ಅಂತ ಹೇಳಿಲ್ಲ. ಒಬ್ಬನ ಕೈಲೆ ಇರಾಕ ಆಗವಲ್ದು," ಅಂದರು. ಮದುವೆಯಾದ ಮೇಲೆ ಅವರು ನನ್ನ ಹತ್ತಿರ ಏನನ್ನಾದರೂ ತಮ್ಮ ಕೈಲಾಗುವುದಿಲ್ಲ ಅಂದದ್ದು ಅದೇ ಮೊದಲು. ನನ್ನ ಎದೆಯ ಡವಡವ ನಿಲ್ಲಲಿಲ್ಲ, ಆದರೆ ಅದು ನನ್ನೊಬ್ಬಳದೇ ಅಲ್ಲವೆಂದು ಗೊತ್ತಾಯಿತು.

ವಾಷರ್ ಬಂದು, ಚಕ್ರ ಕೂತು, ಆಯಿಲ್ ತುಂಬಿದ ಮೇಲೆ ದೀಪ ತಾನಾಗಿ ಆರಿತು. ವ್ಯಾಪಾರಿ ಮುಂದೆ ಕೂತರು, ನಾನೇ ಮಡಕಶಿರಾದವರೆಗೂ ಓಡಿಸಿದೆ. ಕಾರು ಅವರಿಗೇ ಹೋಯಿತು. ಅತ್ತೆ ಬಾಗಿಲನ್ನು ಸವರಿ, ಹಿಂತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಬೆಂಗಳೂರಿಗೆ ನಾವು ಕೂಡಲೇ ಹೋಗಲಿಲ್ಲ, ಹಬ್ಬಗಳು ಮುಗಿದ ಮೇಲೆ ಹೋದೆವು. ಮಗ ಪಾಳಿಯ ಚಾಪೆಯಲ್ಲಿ ಮಲಗುವ ಸುದ್ದಿ ಕೇಳಿದ ಮೇಲೆ, ಬರಂಗಿಲ್ಲ ಅಂದಿದ್ದ ಅತ್ತೆ ಎಲ್ಲರಿಗಿಂತ ಮೊದಲು ಗಂಟು ಕಟ್ಟಿದ್ದರು. ನಾನೂ ಗಾರ್ಮೆಂಟ್ಸ್ ಸೇರಿದೆ. ಇಡೀ ದಿನ ಒಂದೇ ಕಾಲರ್ ಹೊಲಿಯುತ್ತ ಕೂರುವುದು ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಭಾನುವಾರ ಬಂದರೆ ಯಾವುದಾದರೂ ಬಸ್ ಹತ್ತಿ ಅದು ಹೋಗುವಲ್ಲಿಗೆ ಹೋಗಿ ಬರುತ್ತಿದ್ದೆ. ಅತ್ತೆಗೆ ಮಾತ್ರ ಆ ವಠಾರ ತವರಾಯಿತು. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಕೂಸುಗಳನ್ನು ಮಡಿಲಲ್ಲಿ ಹಾಕಿಕೊಂಡು, ತೆಲುಗು, ಕನ್ನಡ, ತಮಿಳು ಯಾವುದೋ ಒಂದರಲ್ಲಿ ಅವುಗಳನ್ನು ಬಯ್ಯುತ್ತ, ಸಂಜೆ ನಾವು ಬರುವವರೆಗೂ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.