ಗುರುಸಿದ್ದಮ್ಮನ ಪಾಲಿನ ನಡಿಗೆ

ಕಣಕಟ್ಟೆಯಲ್ಲಿ ನಮ್ಮ ಪಕ್ಕದ ಮನೆಯ ಗುರುಸಿದ್ದಮ್ಮ ಸುಮ್ಮನೆ ಕೂತದ್ದನ್ನು ನಾನು ಕಂಡವಳಲ್ಲ. ಅಟ್ಟದಿಂದ ಕೊಬ್ಬರಿ ಇಳಿಸುವ ದಿನ ಗಂಡಸರಿಗಿಂತ ಮೊದಲು ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದವರು ಅವರೇ. ಐವತ್ತಾರನೇ ವಯಸ್ಸಿಗೆ ಎಡಗಡೆಯ ಎದೆಯಲ್ಲಿ ಕ್ಯಾನ್ಸರ್ ಬಂತು. ಆಪರೇಷನ್, ಕಿಮೋ ಎಲ್ಲ ಮುಗಿಸಿ, ಗುಣವಾಗಿದೆ ಎಂದು ಡಾಕ್ಟರು ಮನೆಗೆ ಕಳಿಸಿದರು. ಕಾಯಿಲೆಯಿಂದ ಬಿಡಿಸಿಕೊಂಡು ಬಂದವರು ಗಂಡ ಮರುಳಪ್ಪನವರ ಕೈಗೆ ಸಿಕ್ಕಿಬಿದ್ದರು.

ಅವರದು ಅಂಥ ಪ್ರೀತಿ. ಹೆಂಡತಿ ನೀರಿನ ಚೊಂಬು ಕೂಡ ಎತ್ತುವ ಹಾಗಿಲ್ಲ. ಬಚ್ಚಲಿಗೆ ಹೊರಟರೆ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಲ್ಲುವರು. ಪೊಲೀಸ್ ಕಾವಲು ಎಂದು ನಾನು ರೇಗಿಸಿದರೆ, "ನಿಮಗೇನ್ ಗೊತ್ತು ಟೀಚರೇ, ಹೋದ ಜೀವ ವಾಪಸ್ ಬಂದೈತೆ" ಎನ್ನುವರು. ಹೀಗೆ ಕೂತೂ ಕೂತೂ ಆಪರೇಷನ್ ಆದ ಕಡೆಯ ಎಡಗೈ ಗುರುಸಿದ್ದಮ್ಮನಿಗೆ ಬಿಗಿದುಹೋಯಿತು. ಆ ಅಂಗೈಯ ಮೇಲೆಯೇ ಇಷ್ಟಲಿಂಗ ಇಟ್ಟು, ಕಣ್ಣಿನ ನೇರಕ್ಕೆ ಎತ್ತಿ ದಿನವೂ ಪೂಜೆ ಮಾಡಿಕೊಂಡು ಬಂದವರು. ಈಗ ಕೈ ಏಳದು. ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಕೈ ಇಟ್ಟು, ಲಿಂಗವನ್ನು ಬಗ್ಗಿ ನೋಡಬೇಕಾಗಿತ್ತು. "ಇಷ್ಟು ಸಂಕಟ ಆ ಕಿಮೋ ಸೂಜಿಗಳಲ್ಲೂ ಆಗ್ಲಿಲ್ಲ ಕಣೇ" ಎಂದು ಒಂದು ದಿನ ನನ್ನೆದುರು ಅತ್ತರು.

ಚೇತರಿಸಿಕೊಂಡವರಿಗಾಗಿ ಫೋನಿನಲ್ಲೇ ನಡೆಸುವ ಮೂರು ತಿಂಗಳ ವ್ಯಾಯಾಮದ ತರಗತಿಗೆ ಆಸ್ಪತ್ರೆಯವರು ಅವರ ಹೆಸರು ಸೇರಿಸಿದರು. ದಿನಾ ಮೂರು ಸಾವಿರ ಹೆಜ್ಜೆ ನಡೆಯಬೇಕು, ಗೋಡೆಯ ಮೇಲೆ ಬೆರಳು ಹತ್ತಿಸುತ್ತ ಕೈ ಎತ್ತಬೇಕು. ಹೆಜ್ಜೆಯ ಲೆಕ್ಕವನ್ನು ಫೋನೇ ಕಳಿಸುತ್ತದೆ. ಮಂಗಳವಾರ ಸಂಜೆ ನಂದಿತಾ ಎಂಬ ಫಿಸಿಯೋಥೆರಪಿಸ್ಟ್ ವಿಡಿಯೋದಲ್ಲಿ ಎಲ್ಲರನ್ನೂ ಮಾತಾಡಿಸುತ್ತಾರೆ. ಆಗ ಫೋನ್ ಹಿಡಿದು ಕೂರುವ ಕೆಲಸ ನನ್ನದು.

ನಾಲ್ಕನೇ ಮಂಗಳವಾರ ನಂದಿತಾ ಬಹಳ ಖುಷಿಯಲ್ಲಿದ್ದರು. "ಗುರುಸಿದ್ದಮ್ಮನವರೇ, ನಿನ್ನೆ ಹನ್ನೊಂದು ಸಾವಿರ ಹೆಜ್ಜೆ ನಡೆದಿದ್ದೀರಿ. ಹೇಗೆ ಅಂತ ಎಲ್ಲರಿಗೂ ಸ್ವಲ್ಪ ಹೇಳಿ" ಎಂದರು. ಪರದೆಯ ಮೇಲೆ ಹತ್ತು ಹೆಂಗಸರು ಕಾದು ಕೂತಿದ್ದರು. ಮಂಚ ಬಿಟ್ಟು ಇಳಿಯುವುದೇ ಅಪರೂಪವಾಗಿದ್ದ ಗುರುಸಿದ್ದಮ್ಮ ನಿಧಾನಕ್ಕೆ ಗಂಡನ ಕಡೆ ತಿರುಗಿದರು.

"ಅವು ನನ್ನ ಹೆಜ್ಜೆ ಅಲ್ಲ ಮೇಡಂ. ಫೋನು ದಿನಾ ಇವ್ರ ಜೇಬಲ್ಲಿ ತೋಟಕ್ಕೆ ಹೋಗ್ತೈತೆ."

ಮರುಳಪ್ಪ ತಲೆ ತಗ್ಗಿಸಿದರು. "ಅವಳ ಕೈಲಿ ಎಲ್ಲಿ ಆಯ್ತದೆ ಅಂತ ಅವಳ ಪಾಲಿಂದೂ ನಾನೇ ನಡೆದೆ."

ಹೆಂಗಸರೆಲ್ಲ ನಕ್ಕರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಂದಿತಾ ನಗಲಿಲ್ಲ. ಗುರುಸಿದ್ದಮ್ಮನಿಗೆ ಎಡಗೈ ಎತ್ತಿ ತೋರಿಸಲು ಹೇಳಿದರು. ಕೈ ಹೆಗಲಿನ ಮಟ್ಟಕ್ಕೂ ಬರಲಿಲ್ಲ. ನಗು ನಿಂತಿತು.

"ಇನ್ನೆರಡು ತಿಂಗಳು ಹೀಗೇ ಬಿಟ್ಟರೆ ಈ ಕೈ ಸರಿಮಾಡೋದು ಬಹಳ ಕಷ್ಟ, ಯಜಮಾನ್ರೇ. ಅವರ ಪಾಲಿಂದು ಅವರೇ ನಡೀಬೇಕು, ಕೈಯನ್ನೂ ಅವರೇ ಎತ್ತಬೇಕು."

"ಆಯಾಸಕ್ಕೆ ಅದು ಮತ್ತೆ ಬಂದ್ಬಿಟ್ರೆ?" ಎಂದರು ಮರುಳಪ್ಪ. ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಇಷ್ಟು ದಿನ ಈ ಮನುಷ್ಯ ಕಾವಲು ಕಾದದ್ದು ಆ ಭಯಕ್ಕೆ.

"ನಡೆದದ್ದಕ್ಕೆ ಅದು ಬರಲ್ಲ. ನಿಧಾನಕ್ಕೆ ಶುರು ಮಾಡಲಿ, ಒಳ್ಳೇದೇ ಆಗುತ್ತೆ."

ಮರುದಿನ ಗುರುಸಿದ್ದಮ್ಮ ಫೋನನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗಿಳಿದರು. ನೀರಿನ ಟ್ಯಾಂಕಿನವರೆಗೆ ಹೋಗಿ ಬಂದದ್ದು ನಾನೂರು ಹೆಜ್ಜೆ. ಹಿಂದೆ ಮರುಳಪ್ಪ, ಸುಸ್ತಾದರೆ ಕೂರಲಿ ಎಂದು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು. ಬೀದಿಯವರು ನಕ್ಕರೂ ಅವರು ಕುರ್ಚಿ ಬಿಡಲಿಲ್ಲ. ಮೂರನೇ ವಾರ ಹೆಂಡತಿಯೇ ಗದರಿಸಿ ಮನೆಯಲ್ಲಿಡಿಸಿದರು. ಬೆರಳು ಹತ್ತಿದ ಎತ್ತರಕ್ಕೆ ನಾನು ವಾರಕ್ಕೊಮ್ಮೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಕೆಲವು ವಾರ ಹೊಸ ಗೆರೆ ಹಳೆಯದಕ್ಕಿಂತ ಕೆಳಗೇ ಬೀಳುತ್ತಿತ್ತು. ಆಗ ನನಗೂ ನಂದಿತಾಗೂ ಚೆನ್ನಾಗಿ ಬೈಗುಳ ಬೀಳುತ್ತಿತ್ತು.

ಮೊನ್ನೆ ಸೋಮವಾರ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದಾಗ ಗುರುಸಿದ್ದಮ್ಮ ಪೂಜೆಗೆ ಕೂತಿದ್ದರು. ದಿಂಬು ಇರಲಿಲ್ಲ. ಲಿಂಗ ಹೊತ್ತ ಅಂಗೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ತಡೆದು ನಿಂತಿತು. ಮರುಳಪ್ಪ ತಟ್ಟನೆ ಬಗ್ಗಿ ಮೊಣಕೈಗೆ ಆಸರೆ ಕೊಟ್ಟರು.

"ಕೈ ತೆಗೀರಿ" ಎಂದರು ಗುರುಸಿದ್ದಮ್ಮ, ಲಿಂಗದಿಂದ ಕಣ್ಣು ಕೀಳದೆ.

ಮರುಳಪ್ಪ ಕೈ ತೆಗೆದರು. ಅಂಗೈ ಇಷ್ಟಿಷ್ಟೇ ಏರಿ ಕಣ್ಣಿನ ನೇರಕ್ಕೆ ಬಂದು ನಿಂತಿತು. ಆಸ್ಪತ್ರೆಯಲ್ಲಿ ಒಂದು ದಿನವೂ ಅಳದ ಮನುಷ್ಯ ಗೋಡೆಗೊರಗಿ ಕೂತು ಗಟ್ಟಿಯಾಗಿ ಅತ್ತರು.