ವರ್ಷನ್ ಕೇಳುವುದನ್ನು ಬಿಟ್ಟ ನಾದಿನಿ

ನನ್ನ ನಾದಿನಿ ಎಲ್ಲಿ ಕುಳಿತರೂ ಒಂದು ಕಾಲು ಮಡಿಚಿಯೇ ಕೂರುವುದು. ಅದು ಬ್ಯಾಂಕಾಗಲಿ, ಆಸ್ಪತ್ರೆಯಾಗಲಿ, ಬೀಗರ ಮನೆಯಾಗಲಿ. ಅತ್ತೆಯವರು ಹೇಳಿ ಹೇಳಿ ಸುಸ್ತಾಗಿದ್ದಾರೆ. ಕೆಲವು ವರ್ಷ ಫೋನಿನಲ್ಲಿ ಗ್ರಾಹಕರ ದೂರು ಕೇಳುವ ಕೆಲಸ ಮಾಡಿದಳು. ಆಮೇಲೊಂದು ದಿನ, "ಬೈಸ್ಕೊಳ್ಳೋದೇ ಆದ್ರೆ ಕಂಪ್ಯೂಟರ್ ಹತ್ರ ಬೈಸ್ಕೋತೀನಿ, ಅದಕ್ಕಾದ್ರೆ ತಿರುಗಿ ಬೈಬಹುದು" ಎಂದು ಬಿಟ್ಟು ಬಂದಳು. ನಮ್ಮ ಊಟದ ಮೇಜಿನ ತುದಿಯಲ್ಲೇ ಕೂತು, ನಾನು ತಟ್ಟೆ ಇಡಲು ಬಂದಾಗಲೆಲ್ಲ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸುತ್ತ, ತಾನೇ ಕಂಪ್ಯೂಟರ್ ಕೆಲಸ ಕಲಿತಳು. ಈಗ ನನ್ನ ಮಗಳು ಹೋಗುವ ಶಿಶುವಿಹಾರದ ಕಂಪ್ಯೂಟರ್ ಅವಳ ಸುಪರ್ದಿಯಲ್ಲಿದೆ. ಅವಳದೇ ಅಂತ ಸಿಕ್ಕಿದ ಮೊದಲ ಕೆಲಸ ಅದು.

ಅಲ್ಲಿ ಮಗು ಹಾಲು ಕುಡಿದರೆ, ಮಲಗಿದರೆ, ಅತ್ತರೆ ಆಯಾ ಒಂದು ಗುಂಡಿ ಒತ್ತುತ್ತಾರೆ. ತಾಯಂದಿರ ಫೋನಿಗೆ ಸುದ್ದಿ ಬರುತ್ತದೆ. ನಾನು ಮತ್ತೆ ಕೆಲಸಕ್ಕೆ ಸೇರಿದ ಮೇಲಂತೂ ನನ್ನ ಜೀವ ಇರುವುದು ಆ ಸುದ್ದಿಯಲ್ಲೇ. ಸ್ವಲ್ಪ ತಡವಾದರೆ ಸಾಕು, ಮಗು ಅಂಗಿ ಗುಂಡಿ ನುಂಗಿತೋ, ಮೆಟ್ಟಿಲು ಹತ್ತಿತೋ ಎಂದು ಎದೆ ಹೊಡೆದುಕೊಳ್ಳುತ್ತದೆ.

ಆ ಬೆಳಿಗ್ಗೆ ಸುದ್ದಿಯೇ ಬರಲಿಲ್ಲ. ನಾದಿನಿಗೆ ಫೋನ್ ಮಾಡಿದರೆ, "ನೋಡ್ತಿದೀನಿ ಅತ್ತಿಗೆ, ನೀವು ಗಾಬರಿಯಾಗ್ಬೇಡಿ" ಎಂದಳು. ಗಾಬರಿಯಾಗಬೇಡಿ ಎಂದ ಮೇಲೆ ಸುಮ್ಮನೆ ಕೂರುವುದು ಹೇಗೆ? ರಜೆ ಬರೆದುಕೊಟ್ಟು ಓಡಿದೆ.

ಕಂಪ್ಯೂಟರ್ ಇರುವುದು ಮುರಿದ ಆಟಿಕೆಗಳನ್ನು ತುಂಬಿಟ್ಟ ಕೋಣೆಯಲ್ಲಿ. ನಾದಿನಿ ಮಕ್ಕಳ ಪುಟ್ಟ ಕೆಂಪು ಕುರ್ಚಿಯ ಮೇಲೆ, ಅದರಲ್ಲೂ ಒಂದು ಕಾಲು ಮಡಿಚಿ, ಕೂತಿದ್ದಳು. ಬಾಗಿಲಲ್ಲಿ ದೊಡ್ಡ ಟೀಚರ್ ನಿಂತಿದ್ದರು. ಶಿಶುವಿಹಾರ ಅವರದೇ.

"ಹೊಸದು ಹಾಕಿದ್ದೀವಿ, ಆದ್ರೂ ತುಂಬಾ ಹಳೇದು, ಬದಲಾಯ್ಸಿ ಅಂತಿದೆಯಲ್ಲಮ್ಮ ಇದು! ನೋಡು, ಸಂಜೆ ಕಂಪ್ಯೂಟರ್ ಕಂಪನಿಯವರೊಬ್ರು ಬರ್ತಾರೆ. ಅಷ್ಟ್ರಲ್ಲಿ ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ಎಲ್ಲಾ ಅವರಿಗೇ ಒಪ್ಪಿಸ್ಬಿಡ್ತೀನಿ. ಬೇಜಾರು ಮಾಡ್ಕೋಬೇಡ."

ಅವರು ಹೋದ ಮೇಲೆ ನಾದಿನಿ ನನಗೆ ವಿಷಯ ಬಿಡಿಸಿ ಹೇಳಿದಳು. ಶಿಶುವಿಹಾರದ ಪ್ರೋಗ್ರಾಮುಗಳೆಲ್ಲ ಕಂಟೇನರ್ ಎಂಬ ಡಬ್ಬಿಗಳಲ್ಲಿ, ತಮಗೆ ಬೇಕಾದ ಸಾಮಾನೆಲ್ಲ ಜೊತೆಗಿಟ್ಟುಕೊಂಡು ಕೂತಿರುತ್ತವೆ. ಡಬ್ಬಿ ತೆರೆದು ಅವನ್ನು ಓಡಿಸಲು ಒಂದು ಉಪಕರಣವಿದೆ, ಅದೂ ಪ್ರೋಗ್ರಾಮೇ. ಅದರ ಮೇಲೆ ಮೇಸ್ತ್ರಿಯ ಹಾಗೆ ನಿಂತಿರುವುದು ಸ್ಕ್ರಿಪ್ಟ್, ಅಂದರೆ ನಾದಿನಿ ಬರೆದಿಟ್ಟ ಆಜ್ಞೆಗಳ ಪಟ್ಟಿ. ಅದು ಮೊದಲು ಉಪಕರಣವನ್ನು 'ನೀನು ಎಷ್ಟನೇ ವರ್ಷನ್?' ಎಂದು ಕೇಳುತ್ತದೆ. ಒಂಬತ್ತಕ್ಕಿಂತ ಕಡಿಮೆಯಾದರೆ ಕೆಲಸಕ್ಕೆ ಸೇರಿಸುವುದಿಲ್ಲ. ಹಿಂದಿನ ದಿನ ಉಪಕರಣ ಹತ್ತನೇ ವರ್ಷನ್ನಿಗೆ ಏರಿತ್ತು.

"ಹತ್ತು ಒಂಬತ್ತಕ್ಕಿಂತ ಜಾಸ್ತಿ ಅಲ್ವೇನೇ?"

"ನಮಗೆ ಜಾಸ್ತಿ. ಸ್ಕ್ರಿಪ್ಟು ಅದನ್ನ ಸಂಖ್ಯೆ ಅಂತ ನೋಡ್ತಿಲ್ಲ, ನಿಘಂಟಲ್ಲಿ ಪದ ಜೋಡಿಸೋ ಹಾಗೆ ನೋಡ್ತಿದೆ. ಹತ್ತರ ಮೊದಲ ಅಂಕಿ ಒಂದು. ಒಂದು ಒಂಬತ್ತಕ್ಕಿಂತ ಮುಂಚೆ ಬರುತ್ತೆ, ಹಾಗಾಗಿ ಚಿಕ್ಕದು ಅಂದ್ಕೊಂಡಿದೆ. ಯಾವ ಕತ್ತೆ ಬರೆದಿದ್ದೋ ಇದನ್ನ!"

"ನೀನೇ ಅಲ್ವಾ?"

"ಹೂಂ, ಅದೇ ಕತ್ತೆ."

ಸಂಖ್ಯೆಯಾಗಿ ನೋಡು ಎಂದು ತಿದ್ದಿ ಓಡಿಸಿದಳು. ಈ ಸಲ 'ವರ್ಷನ್ ತಿಳಿಯಲಿಲ್ಲ' ಎಂದು ನಿಂತಿತು. ಹೊಸ ಉಪಕರಣ ಉತ್ತರ ಕೊಡುವ ಮುಂಚೆ ತನ್ನ ಹೊಸ ಸೌಲಭ್ಯಗಳ ಬಗ್ಗೆ ಒಂದು ಸಾಲು ಹೇಳಿಕೊಳ್ಳುತ್ತಿತ್ತು. ಸ್ಕ್ರಿಪ್ಟ್ ಆ ಮೊದಲ ಸಾಲಿನಲ್ಲೇ ಸಂಖ್ಯೆ ಹುಡುಕಿ ಕಂಗಾಲಾಗಿತ್ತು.

"ಎಷ್ಟನೇದಪ್ಪಾ ನೀನು ಅಂದ್ರೆ ಭಾಷಣ ಶುರು ಮಾಡುತ್ತೆ ನೋಡಿ!"

"ಎರಡನೇ ಸಾಲು ಓದು ಅಂತ ಹೇಳ್ಬಿಡೇ, ಮುಗೀತು."

ಅವಳ ಬೆರಳು ಹಾಗೆ ಬರೆಯಲೆಂದೇ ಹೋಗಿ ಅರ್ಧಕ್ಕೆ ನಿಂತಿತು. "ನಾಳೆ ಇದು ಇನ್ನೊಂದು ಸಾಲು ಸೇರಿಸಿದ್ರೆ?"

"ನಾಳೇದು ನಾಳೆ ನೋಡ್ಕೋ. ಸಂಜೆ ಆಗ್ತಾ ಬಂತು. ಇಲ್ಲಿ ನನ್ನ ಮಗು ಹಾಲು ಕುಡೀತೋ ಇಲ್ವೋ ಗೊತ್ತಾಗ್ದೆ..."

"ಅತ್ತಿಗೆ, ಮಗು ಗೋಡೆ ಆಚೆ ಇದೆ. ಎದ್ದು ಹೋಗಿ ನೋಡ್ಬಾರ್ದಾ?"

ನಿಜಕ್ಕೂ ನನಗೆ ಅದು ಹೊಳೆದಿರಲಿಲ್ಲ. ಎದ್ದು ಹೋದೆ. ಮಗಳು ಬಾಯಿ ತೆರೆದುಕೊಂಡು, ಒಂದು ಕಾಲ್ಚೀಲ ಕಳಚಿಕೊಂಡು, ಗಾಢ ನಿದ್ದೆಯಲ್ಲಿದ್ದಳು. ಕಾಲ್ಚೀಲ ಹಾಕಲು ಬಗ್ಗಿದರೆ ಆಯಾ, "ನೀವು ಎಬ್ಸಿದ್ರೆ ನೀವೇ ಮಲಗಿಸ್ಬೇಕಮ್ಮ" ಎಂದು ಬೆರಳು ತೋರಿಸಿ ಕಳಿಸಿದರು.

ಹಿಂತಿರುಗಿದಾಗ ನಾದಿನಿ ವರ್ಷನ್ ಕೇಳುವ ಭಾಗವನ್ನೇ ಅಳಿಸಿಹಾಕಿದ್ದಳು.

"ಅಯ್ಯೋ, ಏನೇ ಮಾಡಿದೆ?"

"ಎಷ್ಟನೇದು ಅಂತ ಕೇಳೋ ಗೋಜೇ ಬೇಡ. ಒಂದು ಖಾಲಿ ಡಬ್ಬಿ ಕೊಟ್ಟು, ತೆಗಿ ನೋಡೋಣ ಅಂತೀನಿ. ತೆಗೆದ್ರೆ ಕೆಲಸಕ್ಕೆ ಬಾ. ಆಗ್ಲಿಲ್ಲ ಅಂದ್ರೆ ಯಾಕೆ ಆಗ್ಲಿಲ್ಲ ಅಂತ ಬಾಯಿಬಿಟ್ಟು ಹೇಳು."

ಓಡಿಸಿದಳು. ಖಾಲಿ ಡಬ್ಬಿ ತೆರೆದುಕೊಂಡಿತು. ಅದರ ಹಿಂದೆಯೇ ಶಿಶುವಿಹಾರದ ಡಬ್ಬಿಗಳು ಒಂದೊಂದಾಗಿ ಎದ್ದವು. ನನ್ನ ಫೋನು ಗುಂಯ್ ಎಂದಿತು: 'ಮಲಗಿದೆ.' ಕಣ್ಣಾರೆ ನೋಡಿ ಬಂದಿದ್ದರೂ ಎರಡು ಸಲ ಓದಿದೆ. ನಾದಿನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಹಳೇ ಉಪಕರಣವಿರುವ ತನ್ನ ಲ್ಯಾಪ್‌ಟಾಪಿನಲ್ಲೂ ಓಡಿಸಿದಳು, ನಡೆಯಿತು. ಬೇಕೆಂದೇ ಅಲ್ಲಿ ಉಪಕರಣದ ಅನುಮತಿ ಕಿತ್ತು ಓಡಿಸಿದಳು. 'ಡಬ್ಬಿ ತೆರೆಯಲಾಗಲಿಲ್ಲ, ಅನುಮತಿ ಇಲ್ಲ' ಎಂದು ಸ್ಪಷ್ಟವಾಗಿ ಹೇಳಿ ನಿಂತಿತು.

ಅಷ್ಟರಲ್ಲಿ ದೊಡ್ಡ ಟೀಚರ್ ಜೊತೆ ಕಂಪನಿಯವರು ಬಂದರು. ಬೆವರು ಒರೆಸಿಕೊಳ್ಳುತ್ತ, "ಯಾವ ವರ್ಷನ್ ಓಡ್ತಿದೆಯಮ್ಮ ಇಲ್ಲಿ?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್. ಕೇಳೋದು ಬಿಟ್ಬಿಟ್ಟೆ."

ದೊಡ್ಡ ಟೀಚರ್ ಮುಖ ಸಣ್ಣದಾಯಿತು. ನಾನು ಅವಳ ಕೈ ಚಿವುಟಿದೆ. ಕಂಪನಿಯವರು ಮಾತ್ರ ಬಗ್ಗಿ, ಸ್ಕ್ರಿಪ್ಟನ್ನು ಮೇಲಿಂದ ಕೆಳಗೆ ಓದಿ, ಒಂದೆರಡು ಪ್ರಶ್ನೆ ಕೇಳಿ ನಕ್ಕರು. "ಟೀಚರ್, ಇದು ನೆಟ್ಟಗಿದೆ. ಇದಕ್ಕೆ ನಾನ್ಯಾಕೆ? ಒಂದು ಲೋಟ ನೀರು ಕೊಡಿ, ಹೊರಡ್ತೀನಿ."

ದೊಡ್ಡ ಟೀಚರ್ ನೀರಿನ ಜೊತೆ ಬಿಸ್ಕತ್ತೂ ತರಿಸಿದರು. ಅವರನ್ನು ಗೇಟಿನ ತನಕ ಹೋಗಿ ಬೀಳ್ಕೊಟ್ಟು ಬಂದು ನಾದಿನಿಯ ಮುಂದೆ ನಿಂತು, "ಪಕ್ಕದ ಬೀದಿಯಲ್ಲಿ ನಮ್ಮ ಇನ್ನೊಂದು ಶಾಖೆ ಇದೆಯಲ್ಲ, ಅಲ್ಲೀದೂ ನೀನೇ ನೋಡ್ಕೊ. ನಾಳೆ ಬರ್ತೀಯಾ?" ಎಂದರು.

"ಬರ್ತೀನಿ ಟೀಚರ್."

ಮನೆ ದಾರಿಯಲ್ಲಿ ಮಗಳು ನಾದಿನಿಯ ಹೆಗಲ ಮೇಲೆ ಜೊಲ್ಲು ಸುರಿಸುತ್ತಿದ್ದಳು. ನನಗೋ ಆಗಲೇ ಹೊಸ ಚಿಂತೆ.

"ಅಲ್ಲಿನ ಕಂಪ್ಯೂಟರ್ ಇನ್ನೂ ಹಳೇದಿದ್ರೆ? ಅಲ್ಲಿ ಮಕ್ಕಳೂ ಜಾಸ್ತಿ. ಒಬ್ಳಿಗೇ ಆಗುತ್ತೇನೇ?"

"ಆಗುತ್ತೆ ಅತ್ತಿಗೆ," ಎಂದಳು ನಾದಿನಿ, "ನೀವು ಅಲ್ಲಿಗೂ ರಜೆ ಹಾಕಿ ಬರ್ದೇ ಇದ್ರೆ."